ಶಾಲ್ಮಲೆಗೆ ನೀರಿಳಿದ ಮೇಲೆ ಬನ್ನಿ

ಹಿಂದೆ ಕಿರ್ರೆಂದು ಕೇಳುತ್ತಿರುವುದು ಮೈಕಿನ ದೋಷವಲ್ಲ, ಜೀರುಂಡೆಗಳ ಗಲಾಟೆ. ಅದನ್ನು ತೆಗೆಯಲು ಹೋದರೆ ಮಾತೂ ಹೋಗುತ್ತಿತ್ತು, ಹಾಗೇ ಬಿಟ್ಟಿದ್ದೇನೆ. ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದಿದ್ದೇವೆ. ಶಾಲ್ಮಲೆ ಹೊಳೆಯ ಬಂಡೆಗಳಲ್ಲಿ ಲಿಂಗಗಳನ್ನು ಕೆತ್ತಿರುವ ಸಹಸ್ರಲಿಂಗಕ್ಕೆ ಸುಮಾರು 17 ಕಿಲೋಮೀಟರ್. ಬೇಸಿಗೆಗೆ ದೊಡ್ಡಮ್ಮನ ಮನೆಗೆ ಬಂದರೆ ಒಂದು ಬೆಳಿಗ್ಗೆ ಶಾಲ್ಮಲೆಗೇ ಮೀಸಲು. ಕ್ಯಾಮೆರಾ ಹಿಡಿದಿರುವವನು ದೊಡ್ಡಮ್ಮನ ಮಗ. ಅದಕ್ಕೇ ನಿಮಗೆ ರಸ್ತೆಗಿಂತ ಅಡಿಕೆ ತೋಟವೇ ಹೆಚ್ಚು ಕಾಣುತ್ತಿದೆ.

ಇಲ್ಲಿ ನಿಂತದ್ದು ಅಪ್ಪೆಮಿಡಿಗೆ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಗೆ. ದೊಡ್ಡಮ್ಮ ಹೊರಡುವಾಗಲೇ ಚೀಲ ಕೊಟ್ಟು ಕಳಿಸಿದ್ದರು. ಬೆಲೆ ಕೇಳಿ: ನೂರಕ್ಕೆ 600 ರೂಪಾಯಿ! ಒಂದೊಂದು ಮಿಡಿಗೆ ಆರು ರೂಪಾಯಿ, ಇನ್ನೂ ಉಪ್ಪು, ಮೆಣಸು, ಸಾಸಿವೆಯ ಖರ್ಚು ಬೇರೆ. ಬೆಲೆಯಾದರೂ ಹೋಗಲಿ, ಬುಟ್ಟಿಯ ಮೇಲೆ ಚೆಂದದ ತೊಟ್ಟುಗಳು, ಕೈ ಹಾಕಿ ಕೆದಕಿದರೆ ಕೆಳಗೆಲ್ಲ ತೊಟ್ಟು ಕಳಚಿದವು. ತೊಟ್ಟಿಲ್ಲದ ಮಿಡಿ ಭರಣಿಗೆ ಬಿದ್ದರೆ ತಾನೂ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ಮರ ಅಲುಗಿಸಿ ಉದುರಿಸಿದ್ದಾರೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಮಾರುವವರಿಗೆ ಹಾಗೆಂದು ಹೇಳಿದರೆ, "ಬುಟ್ಟಿ ಕಟ್ಟಿಕೊಂಡು ಹತ್ತುವವರು ಈಗ ಎಲ್ಲಿದ್ದಾರೆ ತಂಗಿ? ನೀವು ಹತ್ತುತ್ತೀರಾ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಒಂದರ ತೊಟ್ಟು ಮುರಿದು ನೋಡಿದೆ. ಸೊನೆ ಚಿಮ್ಮಿತು, ಜೀರಿಗೆಯ ಪರಿಮಳ ಬೆರಳಿಗೆ ಅಂಟಿತು. ಅಲ್ಲಿಗೆ ಚೌಕಾಸಿ ಮುಗಿಯಿತು. ಒಂದೊಂದೇ ಆರಿಸಿಕೊಂಡು ಐವತ್ತು ತಂದೆ. ಆರಿಸುವುದಕ್ಕೂ ಅವರು ಮುಖ ಗಂಟಿಕ್ಕಿದರು; ದೃಶ್ಯದಲ್ಲಿ ಅದು ಬಂದಿಲ್ಲ, ಬಿಡಿ.

ಬಂದೆವು. ಮೆಟ್ಟಿಲು ಇಳಿಯುವುದನ್ನೆಲ್ಲ ಕತ್ತರಿಸಿದ್ದೇನೆ.

ಮಳೆಗಾಲದ ಶಾಲ್ಮಲೆಯ ಚಿತ್ರ ಹಾಕಿ ಎಂದು ಕೆಲವರು ಕೇಳುತ್ತಿರುತ್ತೀರಿ. ಮಳೆಗಾಲದಲ್ಲಿ ಇಲ್ಲಿ ಕಾಣುವುದು ಕೆಂಪು ನೀರು, ಅಷ್ಟೇ. ಆ ಕೊಂಬೆ ನೋಡಿ, ನನ್ನ ತಲೆಗಿಂತ ಮೇಲೆ ಕಸಕಡ್ಡಿ ಸಿಕ್ಕಿಕೊಂಡಿದೆಯಲ್ಲ, ನೀರು ಅಲ್ಲಿಯವರೆಗೆ ಬಂದಿತ್ತು. ಲಿಂಗಗಳು ಏಳುವುದು ಹೊಳೆ ಇಳಿದ ಮೇಲೆ. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ, ಅಂದರೆ 1678ರಿಂದ 1718ರ ನಡುವೆ, ಇವನ್ನು ಕೆತ್ತಿಸಿದ್ದೆಂದು ಹೇಳುತ್ತಾರೆ. ಬಂಡೆ ತಂದು ನಿಲ್ಲಿಸಿದ್ದಲ್ಲ, ಹೊಳೆಯಲ್ಲಿದ್ದ ಬಂಡೆಗೇ ಉಳಿ ಇಟ್ಟದ್ದು. ಆದ್ದರಿಂದ ಸಾಲಿಲ್ಲ, ಅಳತೆಯಿಲ್ಲ. ಲಿಂಗದ ಮುಂದೊಂದು ಬಸವ. ಕೆಲವಕ್ಕೆ ಮೂತಿ ಸವೆದು ಕಿವಿ ಮಾತ್ರ ಉಳಿದಿದೆ. ಸಾವಿರ ಇವೆಯೇ ಎಂದು ತಮ್ಮ ಎಣಿಸಲು ಹೊರಟ, ಅರ್ಧಕ್ಕೆ ನೀರಿಗಿಳಿದ.

ಇದನ್ನು ಹತ್ತಿರದಿಂದ ತೋರಿಸುತ್ತೇನೆ. ಈ ಲಿಂಗದ ಪಾಣಿಪೀಠದ ಗುಳಿಯಲ್ಲಿ ಬೊಗಸೆ ನೀರು, ಅದರಲ್ಲಿ ಎರಡು ಮರಿಮೀನು. ಹೊಳೆ ಇಳಿಯುವಾಗ ಸಿಕ್ಕಿಬಿದ್ದವು. ನೀರು ಆಗಲೇ ಬಿಸಿಯಾಗಿದೆ. ಬೊಗಸೆಯಲ್ಲಿ ಎತ್ತಿ ಹೊಳೆಗೆ ಬಿಟ್ಟೆ. ಅಭಿಷೇಕದ ನೀರು ಕದ್ದೆ ಎಂದು ಯಾರೂ ಬರೆಯಬೇಡಿ.

ಶಿವರಾತ್ರಿಗೆ ಮಾತ್ರ ಬರಬೇಡಿ, ಲಿಂಗಕ್ಕಿಂತ ಜನರೇ ಹೆಚ್ಚು. ಆದರೆ ಬೇಕಾದ ಲಿಂಗಕ್ಕೆ ಭಕ್ತರೇ ತಮ್ಮ ಕೈಯಾರೆ ನೀರೆರೆದು ಪೂಜಿಸುವ ಜಾತ್ರೆಯೂ ಚೆಂದವೇ. ಸರಿ, ಒಮ್ಮೆ ಬನ್ನಿ. ಒಂದೇ ಸಲ. ಬಂದವರು ಕುಂಕುಮದ ಪೊಟ್ಟಣ ಮನೆಗೇ ಒಯ್ಯಿರಿ.

ಹೊಳೆಯ ಮೇಲೆ ಬಾಗಿದ ಆ ಮರವೂ ಮಾವೇ. ನಮ್ಮಲ್ಲಿ ಒಳ್ಳೆಯ ಅಪ್ಪೆ ಹೊಳೆದಂಡೆಯದೇ ಎನ್ನುತ್ತಾರೆ. ಅದರ ತುದಿಗೆ ಹತ್ತಿ, ಮಿಡಿ ಕೊಯ್ದು, ಹಗ್ಗದಲ್ಲಿ ಬುಟ್ಟಿ ಇಳಿಸುವುದನ್ನು ಊಹಿಸಿಕೊಂಡಾಗ 600 ರೂಪಾಯಿ ಹೆಚ್ಚಲ್ಲ ಎನಿಸಿತು. ತೊಟ್ಟಿಲ್ಲದ ಮಿಡಿಗೆ ಈಗಲೂ ಹೆಚ್ಚೇ.

ಈ ನೀರು ಮುಂದೆ ಬೇಡ್ತಿಯನ್ನು ಸೇರುತ್ತದೆ. ಅಂಕೋಲೆಯ ಕಡೆ ಅದಕ್ಕೇ ಗಂಗಾವಳಿ ಎನ್ನುವುದು. ಬೇಡ್ತಿಯನ್ನು ವರದಾ ನದಿಗೆ ಜೋಡಿಸುವ ಯೋಜನೆಯ ಮಾತು ಬಂದರೆ ನಮ್ಮ ಮನೆಯಲ್ಲಿ ಊಟ ತಣ್ಣಗಾಗುವವರೆಗೂ ವಾದ ನಡೆಯುತ್ತದೆ. ದೊಡ್ಡಪ್ಪನದು ಒಂದೇ ಪ್ರಶ್ನೆ: "ಬೇಸಿಗೆಯಲ್ಲಿ ಇಲ್ಲೇ ಮೊಣಕಾಲು ನೀರು, ಕೊಡುವುದಕ್ಕೆ ಎಲ್ಲಿದೆ?" ನಾನೂ ಅದನ್ನೇ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ದೃಶ್ಯ ಮುಗಿಯುತ್ತಿದೆ.

ತೂಗುಸೇತುವೆ. ತಮ್ಮ ಬೇಕೆಂದೇ ಕುಣಿದು ಅಲುಗಿಸುತ್ತಿದ್ದಾನೆ, ಚಿತ್ರ ನಡುಗಿದ್ದಕ್ಕೆ ಅವನನ್ನೇ ಬೈಯಿರಿ. ಹನ್ನೊಂದಾಯಿತು, ಬಂಡೆ ಕಾದು ಅಂಗಾಲು ಸುಡುತ್ತಿದೆ, ನೀರಿಳಿದ ಮೇಲೆ ಬನ್ನಿ ಎಂದದ್ದು ಒಂಬತ್ತು ಗಂಟೆಯವರೆಗಿನ ಮಾತು ಎಂದು ತಿದ್ದಿಕೊಳ್ಳಿ. ದೊಡ್ಡಮ್ಮನ ಫೋನು ಎರಡನೆಯ ಸಲ ಬಂತು. ಮಿಡಿಯ ಬೆಲೆ ನಾಲ್ಕು ರೂಪಾಯಿ ಎಂದೇ ಹೇಳಬೇಕೆಂದು ತಮ್ಮನಿಗೆ ಹೇಳಿಟ್ಟಿದ್ದೇನೆ. ಅವರು ಈ ವಿಡಿಯೊ ನೋಡುವುದಿಲ್ಲ.