ಚಕ್ರದ ಮೇಲಿನ ಮನೆ, ಊರಿನ ನೀರು

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ದೋರ್ದೋನ್ ಎಂಬ ನದಿಯಿದೆ. ಅದೇ ಹೆಸರಿನ ಜಿಲ್ಲೆಯಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಪಡೆದು ಸುತ್ತುವವರ ಒಂದು ದಿನ ಹೇಗೆ ಸಾಗುತ್ತದೆ ಎಂಬುದು ಇಂದಿನ ನನ್ನ ವಿಷಯ. ಅಡುಗೆಮನೆ, ಹಾಸಿಗೆ, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡು ಓಡುವ ಈ ವಾಹನವಿದ್ದರೆ ಯಾರ ಹಂಗೂ ಇಲ್ಲದೆ ತಿರುಗಾಡಬಹುದು ಎಂದು ಬಾಡಿಗೆಗೆ ಕೊಡುವವರು ಹೇಳುತ್ತಾರೆ. ನಾನು ಕಂಡಂತೆ ಸಂಗತಿ ಹೆಚ್ಚುಕಡಿಮೆ ತಿರುಗುಮುರುಗು. ಹೋಟೆಲಿನಲ್ಲಿ ಇಳಿದುಕೊಳ್ಳುವ ಪ್ರವಾಸಿಗಿಂತ ಮೋಟಾರ್‌ಹೋಮಿನವನಿಗೆ ಹಳ್ಳಿಯ ಹಂಗು ಹೆಚ್ಚು. ಈ ಬಗೆಯ ಪ್ರವಾಸದ ಸೊಗಸು ಇರುವುದೂ ಅದರಲ್ಲಿಯೇ.

ದಿನ ಶುರುವಾಗುವುದು ನೀರಿನ ಲೆಕ್ಕದಿಂದ. ಸಾಮಾನ್ಯ ಮೋಟಾರ್‌ಹೋಮಿನ ತೊಟ್ಟಿಯಲ್ಲಿ ಸುಮಾರು 100 ಲೀಟರ್ ಶುದ್ಧ ನೀರು ಹಿಡಿಯುತ್ತದೆ. ನಾಲ್ಕು ಮಂದಿಯ ಸ್ನಾನ, ಪಾತ್ರೆ, ಮುಖಮಾರ್ಜನ ಮುಗಿಯುವಷ್ಟರಲ್ಲಿ ಅದು ತಳ ಕಾಣುತ್ತದೆ, ಅಷ್ಟೇ ಕೊಳೆನೀರು ಕೆಳಗಿನ ಇನ್ನೊಂದು ತೊಟ್ಟಿಯಲ್ಲಿ ತುಂಬಿಕೊಂಡಿರುತ್ತದೆ. ಆದ್ದರಿಂದ ಬೆಳಗಿನ ಮೊದಲ ನಿಲ್ದಾಣ ಕೋಟೆಯೂ ಅಲ್ಲ, ಚರ್ಚೂ ಅಲ್ಲ, ಊರಾಚೆ ಪುರಸಭೆ ಕಟ್ಟಿಸಿರುವ ಸೇವಾ ಸ್ಥಳ. ಅಲ್ಲಿ ಎದೆಯೆತ್ತರದ ಒಂದು ಲೋಹದ ಕಂಬ, ಅದರಲ್ಲಿ ನಲ್ಲಿ, ಪಕ್ಕದಲ್ಲಿ ನೆಲಕ್ಕೆ ಕೂರಿಸಿದ ಕಬ್ಬಿಣದ ಜಾಲರಿ ಇರುತ್ತವೆ. ವಾಹನವನ್ನು ಜಾಲರಿಯ ನೇರಕ್ಕೆ ತಂದು ನಿಲ್ಲಿಸಿ ಕೊಳೆನೀರಿನ ತಿರುಪು ಬಿಚ್ಚಬೇಕು. ಶೌಚಾಲಯದ ಕೆಳಗಿನಿಂದ ಕ್ಯಾಸೆಟ್ ಎಂದು ಕರೆಯುವ ಪೆಟ್ಟಿಗೆಯನ್ನು ಎಳೆದು ತೆಗೆದು, ಅದಕ್ಕೆಂದೇ ಇರುವ ಗುಂಡಿಯಲ್ಲಿ ಬರಿದುಮಾಡಿ ತೊಳೆಯಬೇಕು. ಅದು ಮುಗಿದ ಮೇಲೆ ಕೈ ತೊಳೆದುಕೊಂಡು, ಕುಡಿಯುವ ನೀರಿಗೆ ಮೀಸಲಾದ ಬೇರೆಯದೇ ಪೈಪನ್ನು ಜೋಡಿಸಿ ತೊಟ್ಟಿ ತುಂಬಿಸಬೇಕು. ಈ ಪೆಟ್ಟಿಗೆಯ ಕೆಲಸ ಯಾರ ಪಾಲಿಗೆ ಬರಬೇಕೆಂಬ ಚರ್ಚೆ ಪ್ರತಿ ಕುಟುಂಬದಲ್ಲಿಯೂ ನಡೆಯುತ್ತದೆ, ಸಾಮಾನ್ಯವಾಗಿ ಚಾಲಕನೇ ಸೋಲುತ್ತಾನೆ.

ಕೆಲವು ಊರುಗಳಲ್ಲಿ ಈ ನೀರು ಉಚಿತ. ಬೇರೆ ಕೆಲವು ಊರುಗಳಲ್ಲಿ ಕಂಬದ ಸೀಳಿಗೆ ಒಂದು ಬಿಲ್ಲೆ ಹಾಕಿದರಷ್ಟೇ ನಲ್ಲಿ ತೆರೆಯುತ್ತದೆ. ಆ ಬಿಲ್ಲೆ ಸಿಗುವುದು ಊರೊಳಗಿನ ಬೇಕರಿಯಲ್ಲೋ, ಕಾಫಿ ಅಂಗಡಿಯಲ್ಲೋ, ಪ್ರವಾಸಿ ಕಚೇರಿಯಲ್ಲೋ. ಇದರಲ್ಲಿ ಊರಿನ ಜಾಣತನವಿದೆ. ಬಿಲ್ಲೆಗೆಂದು ಬೇಕರಿಗೆ ಹೋದವನು ಒಲೆಯಿಂದ ಆಗತಾನೇ ತೆಗೆದ ಬ್ರೆಡ್ಡಿನ ಎದುರು ಬರಿಗೈಯಲ್ಲಿ ಹಿಂದಿರುಗುವುದು ಕಷ್ಟ. ಫ್ರಾನ್ಸ್ ಸುಮಾರು 35,000 ಸ್ಥಳೀಯ ಪುರಸಭೆಗಳಿರುವ ದೇಶ. ಅವುಗಳಲ್ಲಿ ಬಹಳಷ್ಟು ನಮ್ಮ ಸಣ್ಣ ಹಳ್ಳಿಗಳಷ್ಟೇ ಜನರಿರುವವು. ಪ್ರತಿಯೊಂದಕ್ಕೂ ತನ್ನದೇ ಮೇಯರ್ ಇರುತ್ತಾರೆ, ವಾಹನ ಎಲ್ಲಿ ನಿಲ್ಲಬಹುದು ಎಂಬುದನ್ನು ಗೊತ್ತುಮಾಡುವವರೂ ಅವರೇ.

ನೀರು ತುಂಬಿಸಿಕೊಂಡು ಮೊಂಟಿನ್ಯಾಕ್ ಊರಿನಿಂದ ವೆಜೇರ್ ನದಿಯ ಪಕ್ಕದ ರಸ್ತೆಯನ್ನು ಹಿಡಿಯಬಹುದು. ಆದಿಮಾನವರು ಬಿಡಿಸಿದ ಚಿತ್ರಗಳಿಗೆ ಹೆಸರಾದ ಲಾಸ್ಕೋ ಗುಹೆ ಇರುವುದು ಈ ಊರಿನ ಬಳಿಯಲ್ಲಿಯೇ. 1940ರ ಸೆಪ್ಟೆಂಬರಿನಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ ಗುಹಾಚಿತ್ರಗಳು ನೋಡಬಂದವರ ಉಸಿರಿನಿಂದಲೇ ಕೆಡತೊಡಗಿದಾಗ, 1963ರಲ್ಲಿ ಗುಹೆಯನ್ನು ಮುಚ್ಚಲಾಯಿತು. ಈಗ ನಾವು ನೋಡುವುದು 2016ರಲ್ಲಿ ತೆರೆದ ಪ್ರತಿಕೃತಿಯನ್ನು. ಪ್ರತಿಕೃತಿಯೆಂದು ಮೂಗು ಮುರಿಯಬೇಕಾಗಿಲ್ಲ, ಬಂಡೆಯ ಉಬ್ಬುತಗ್ಗುಗಳನ್ನೂ ಬಿಡದೆ ಮಾಡಿದ್ದಾರೆ. ಮುಂದೆ ಲಾ ರೋಕ್ ಸೇಂಟ್ ಕ್ರಿಸ್ತೋಫ್ ಎಂಬಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಸುಣ್ಣಕಲ್ಲಿನ ಗೋಡೆಯಲ್ಲಿ ಜನ ತಲೆತಲಾಂತರ ಮನೆ ಕಟ್ಟಿಕೊಂಡಿದ್ದ ಅಂತಸ್ತುಗಳು ಕಾಣುತ್ತವೆ.

ರಸ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ವಾಹನಗಳು ಓಡುವುದು ಬಲಗಡೆ. ವಿಭಜಕವಿಲ್ಲದ ಹಳ್ಳಿಗಾಡಿನ ರಸ್ತೆಗಳಲ್ಲಿ 2018ರಿಂದ ಗಂಟೆಗೆ 80 ಕಿಲೋಮೀಟರ್ ಮಿತಿ ಜಾರಿಯಲ್ಲಿದೆ, ಕೆಲವು ಜಿಲ್ಲೆಗಳು ಅದನ್ನು ಮತ್ತೆ 90ಕ್ಕೆ ಏರಿಸಿಕೊಂಡಿವೆ. ಬೇರೆ ಸೂಚನೆಯಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಅವರು ಓಣಿಯೊಳಗಿಂದ ನುಗ್ಗಿ ಬಂದರೂ ಕಾನೂನು ಅವರ ಪರವಾಗಿಯೇ ಇರುತ್ತದೆ. ಚಾಲಕನನ್ನು ಕಾಡುವ ಇನ್ನೊಂದು ವಿಷಯ ಎತ್ತರ. ಮೂರು ಮೀಟರಿನ ಆಸುಪಾಸಿನ ಈ ಮನೆಗೆ, ಎರಡು ಮೀಟರ್ ಎತ್ತರದಲ್ಲಿ ಅಡ್ಡಪಟ್ಟಿ ಹಾಕಿರುವ ನಿಲುಗಡೆ ಜಾಗಗಳೆಲ್ಲ ಮುಚ್ಚಿದ ಬಾಗಿಲುಗಳೇ ಸರಿ.

ಸಾರ್ಲಾ ಪಟ್ಟಣಕ್ಕೆ ಹೋಗುವುದಾದರೆ ಬುಧವಾರವೋ ಶನಿವಾರವೋ ಬೆಳಗ್ಗೆಯೇ ಹೋಗಬೇಕು, ಸಂತೆ ನಡೆಯುವುದು ಆ ದಿನಗಳಲ್ಲಿ. ಹಳೆಯ ಪಟ್ಟಣಗಳನ್ನು ಇಡಿಯಾಗಿ ಉಳಿಸಿಕೊಳ್ಳಲು ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಕಾಲದಲ್ಲಿ 1962ರಲ್ಲಿ ಬಂದ ಕಾಯ್ದೆಯ ಪ್ರಯೋಜನವನ್ನು ಮೊದಲಿಗೆ ಪಡೆದ ಊರುಗಳಲ್ಲಿ ಇದೂ ಒಂದು. ಜೇನುಬಣ್ಣದ ಕಲ್ಲಿನ ಮನೆಗಳ ನಡುವೆ ಅಕ್ರೋಟು, ಸ್ಟ್ರಾಬೆರಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಮೇಕೆಹಾಲಿನ ಚೀಸು ಮಾರಾಟಕ್ಕಿರುತ್ತವೆ. ಬಾತುಕೋಳಿಯ ಮಾಂಸಕ್ಕೆ ಹೆಸರಾದ ಸೀಮೆ ಇದು. ಸಸ್ಯಾಹಾರಿಗಳಿಗೆ ಹೋಟೆಲುಗಳಲ್ಲಿ ಆಯ್ಕೆ ಕಡಿಮೆ. ಅಲ್ಲಿನ ಸಾಂಪ್ರದಾಯಿಕ ಚೀಸುಗಳಿಗೆ ಬಹುಮಟ್ಟಿಗೆ ಕರುವಿನ ಅಥವಾ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ ಎಂಬುದನ್ನೂ ಕಟ್ಟುನಿಟ್ಟಿನವರು ತಿಳಿದಿರಬೇಕು. ಹಾಗಾಗಿ ನಮ್ಮವರಿಗೆ ವಾಹನದೊಳಗಿನ ಗ್ಯಾಸ್ ಒಲೆ ದೊಡ್ಡ ಆಸರೆ. ಸಂತೆಯ ಬೀನ್ಸ್, ಟೊಮೆಟೊ, ಜೊತೆಗೆ ತಂದ ಸಾರಿನ ಪುಡಿ, ಒಂದು ಚಿಕ್ಕ ಕುಕ್ಕರ್ ಇದ್ದರೆ ಮಧ್ಯಾಹ್ನದ ಊಟಕ್ಕೆ ಕೊರತೆಯಿಲ್ಲ. ಹೇಗೂ ಹಳ್ಳಿಗಳಲ್ಲಿ ಹನ್ನೆರಡರಿಂದ ಎರಡರವರೆಗೆ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಮಧ್ಯಾಹ್ನದ ಮೇಲೆ ದೋರ್ದೋನ್ ದಂಡೆಯ ಲಾ ರೋಕ್ ಗಜಾಕ್ ಎಂಬ ಹಳ್ಳಿ, ಎದುರುಬದುರು ನಿಂತ ಬೆನಾಕ್ ಮತ್ತು ಕಾಸ್ತೆಲ್ನೋ ಕೋಟೆಗಳು. ಫ್ರಾನ್ಸ್ ಮತ್ತು ಇಂಗ್ಲೆಂಡಿನ ಅರಸರ ನಡುವೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಈ ಎರಡು ಕೋಟೆಗಳು ಎದುರಾಳಿ ಪಾಳೆಯಗಳಲ್ಲಿದ್ದವು.

ಸಂಜೆಯ ಪ್ರಶ್ನೆ ಒಂದೇ, ರಾತ್ರಿ ಎಲ್ಲಿ ನಿಲ್ಲುವುದು? ಫ್ರಾನ್ಸಿನ ಕಾನೂನಿನ ಪ್ರಕಾರ, ಕಾರು ನಿಲ್ಲಿಸಬಹುದಾದ ಸಾರ್ವಜನಿಕ ಜಾಗದಲ್ಲಿ ಬೇರೆ ನಿರ್ಬಂಧವಿಲ್ಲದಿದ್ದರೆ ಮೋಟಾರ್‌ಹೋಮನ್ನೂ ನಿಲ್ಲಿಸಬಹುದು. ಆದರೆ ಕುರ್ಚಿ ಮೇಜು ಹೊರಗಿಟ್ಟು ಚಪ್ಪರ ಬಿಚ್ಚಿದ ಕೂಡಲೇ ಅದು ಬಿಡಾರವಾಗುತ್ತದೆ, ಅದಕ್ಕೆ ಬೇರೆಯೇ ನಿಯಮ. ಇದಕ್ಕಿಂತ ಒಳ್ಳೆಯ ದಾರಿ 1993ರಲ್ಲಿ ಆರಂಭವಾದ ಫ್ರಾನ್ಸ್ ಪ್ಯಾಶನ್ ಎಂಬ ವ್ಯವಸ್ಥೆ. ವಾರ್ಷಿಕ ಸದಸ್ಯತ್ವ ಪಡೆದವರು ದ್ರಾಕ್ಷಿತೋಟದ ಅಥವಾ ಹೊಲದ ಮನೆಯಂಗಳದಲ್ಲಿ 24 ಗಂಟೆಗಳವರೆಗೆ ಹಣ ಕೊಡದೆ ಉಳಿಯಬಹುದು, ವಾಹನದಲ್ಲಿ ಸ್ವಂತ ಶೌಚಾಲಯವಿರಬೇಕು. ಏನನ್ನಾದರೂ ಕೊಳ್ಳಲೇಬೇಕೆಂಬ ನಿಬಂಧನೆಯಿಲ್ಲ. ಬಂದ ಕೂಡಲೇ ರೈತನನ್ನು ಕಂಡು ಮಾತಾಡಿಸುವುದು, ಹೊರಡುವಾಗ ಹೇಳಿಹೋಗುವುದು, ಇವಿಷ್ಟೇ ಅಲ್ಲಿನ ಶಿಷ್ಟಾಚಾರ. ರೈತ ತೋರಿಸಿದ ಜಾಗದಲ್ಲಿ ನಿಲ್ಲಿಸಿ, ಚಕ್ರದಡಿಗೆ ಪ್ಲಾಸ್ಟಿಕ್ ಇಳಿಜಾರುಗಳನ್ನು ಕೊಟ್ಟು ವಾಹನವನ್ನು ಸಮಮಟ್ಟಕ್ಕೆ ತರಬೇಕು. ಗ್ಯಾಸಿನಿಂದ ನಡೆಯುವ ಫ್ರಿಜ್ ಓರೆಯಾಗಿದ್ದರೆ ಸರಿಯಾಗಿ ತಂಪಾಗುವುದಿಲ್ಲ.

ಹೋಗಬಯಸುವವರಿಗೆ ಕೊನೆಯದಾಗಿ ಕೆಲವು ಸೂಚನೆಗಳು. ಪ್ರಯಾಣಿಕರು, ನೀರು, ಸಾಮಾನು ಎಲ್ಲ ಸೇರಿ 3,500 ಕಿಲೋ ಮೀರದ ವಾಹನವನ್ನು ಅಲ್ಲಿ ಕಾರಿನ ಪರವಾನಗಿಯಲ್ಲೇ ಓಡಿಸುತ್ತಾರೆ. ನಮ್ಮವರು ಊರಿನ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡು ಹೋಗಬೇಕು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಡೀ ಫ್ರಾನ್ಸ್ ರಜೆಯಲ್ಲಿರುವುದರಿಂದ ನದಿಯ ಪಕ್ಕದ ಜಾಗಗಳು ಬೇಗನೆ ತುಂಬಿಬಿಡುತ್ತವೆ. ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಂಡರೆ ಬಿಸಿಲೂ ಹಿತ, ಬಿಲ್ಲೆ ಕೊಡುವ ಬೇಕರಿಯವರಿಗೆ ನಾಲ್ಕು ಮಾತಾಡುವ ಪುರುಸೊತ್ತೂ ಇರುತ್ತದೆ.

ನಮಸ್ಕಾರ.