ಮೈಸೂರು ಹೆಸರಿನ ಕ್ರೂಸರ್

ಕೇಳುಗರಿಗೆ ನಮಸ್ಕಾರ. ಕನ್ನಂಬಾಡಿಯ ಹಿನ್ನೀರಿಗಿಂತ ದೊಡ್ಡ ನೀರನ್ನು ನಮ್ಮ ಮೈಸೂರು, ಮಂಡ್ಯ ಸೀಮೆ ಕಂಡಿಲ್ಲ. ಆದರೂ 1957ರಿಂದ 1985ರವರೆಗೆ ಭಾರತದ ನೌಕಾಪಡೆಯಲ್ಲಿ ದುಡಿದ, ಲೈಟ್ ಕ್ರೂಸರ್ ಎಂಬ ಬಗೆಯ ಒಂದು ಯುದ್ಧನೌಕೆ ಮೈಸೂರು ರಾಜ್ಯದ ಹೆಸರನ್ನೂ ಅರಮನೆಯ ಗಂಡಭೇರುಂಡವನ್ನೂ ಹೊತ್ತು ಸಮುದ್ರದಲ್ಲಿ ತಿರುಗಿತು.

ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ಕಟ್ಟಲಾದ ಈ ಹಡಗು ಎರಡನೆಯ ಮಹಾಯುದ್ಧದ ನಡುವೆ, 1940ರ ಸೆಪ್ಟೆಂಬರಿನಲ್ಲಿ, ಬ್ರಿಟಿಷ್ ನೌಕಾಪಡೆಯನ್ನು ಸೇರಿದಾಗ ಅದರ ಹೆಸರು ನೈಜೀರಿಯಾ. ಅದೇನೂ ಹಗುರವಾದ ಹಡಗಲ್ಲ, ಸುಮಾರು ಎಂಟೂವರೆ ಸಾವಿರ ಟನ್ನಿನದು. ಭಾರೀ ಕ್ರೂಸರುಗಳಲ್ಲಿ 8 ಇಂಚಿನ ಫಿರಂಗಿಗಳಿದ್ದರೆ ಇದರಲ್ಲಿದ್ದವು 6 ಇಂಚಿನ ಹನ್ನೆರಡು; ಲೈಟ್ ಎಂಬ ಹೆಸರು ಬಂದದ್ದು ಅದರಿಂದ. 1941ರ ಜೂನ್‌ನಲ್ಲಿ ಉತ್ತರ ಸಮುದ್ರಗಳಲ್ಲಿ ಲೌಎನ್‌ಬುರ್ಗ್ ಎಂಬ ಜರ್ಮನ್ ಹವಾಮಾನ ನೌಕೆಯನ್ನು ಹಿಡಿದ ತಂಡದಲ್ಲಿ ನೈಜೀರಿಯಾ ಇತ್ತು. ಅಲ್ಲಿ ಸಿಕ್ಕ ಕಾಗದಪತ್ರಗಳು ಜರ್ಮನರ ಎನಿಗ್ಮಾ ಯಂತ್ರದ ಗೂಢಲಿಪಿಯನ್ನು ಬಿಡಿಸುವವರಿಗೆ ಒದಗಿದವು. ನನ್ನ ಎಣಿಕೆಯಲ್ಲಿ ಈ ಹಡಗಿನ ಫಿರಂಗಿಗಳು ಮಾಡಿದ ಯಾವ ಕೆಲಸಕ್ಕಿಂತಲೂ ಆ ಕಾಗದಗಳ ಬೆಲೆ ಹೆಚ್ಚು.

1942ರ ಆಗಸ್ಟಿನಲ್ಲಿ ಮಾಲ್ಟಾ ದ್ವೀಪಕ್ಕೆ ಹೊರಟ ಹದಿನಾಲ್ಕು ಸರಕು ಹಡಗುಗಳಿಗೆ ಬೆಂಗಾವಲಾಗಿದ್ದಾಗ ಪೆಟ್ಟು ಬಿತ್ತು. 12ನೆಯ ತಾರೀಖಿನ ಸಂಜೆ ಆಕ್ಸಮ್ ಎಂಬ ಇಟಲಿಯ ಜಲಾಂತರ್ಗಾಮಿ ಒಂದೇ ಸರದಿಯಲ್ಲಿ ಬಿಟ್ಟ ಟಾರ್ಪೆಡೋಗಳು ನೈಜೀರಿಯಾ, ಕೈರೋ ಎಂಬ ಇನ್ನೊಂದು ಕ್ರೂಸರ್ ಮತ್ತು ಒಹಾಯೋ ಎಂಬ ತೈಲ ನೌಕೆ, ಈ ಮೂರಕ್ಕೂ ತಗುಲಿದವು. ನೈಜೀರಿಯಾದಲ್ಲಿ 52 ಮಂದಿ ಸತ್ತರು. ರಕ್ಷಣೆಗೆ ಬರುವ ವಿಮಾನಗಳಿಗೆ ರೇಡಿಯೋ ಮೂಲಕ ದಾರಿ ತೋರಿಸುವ ಸಲಕರಣೆ ಇದ್ದದ್ದು ಈ ಎರಡು ಕ್ರೂಸರುಗಳಲ್ಲೇ ಆದ್ದರಿಂದ, ಒಂದು ಮುಳುಗಿ ಇನ್ನೊಂದು ಜಿಬ್ರಾಲ್ಟರಿಗೆ ಹಿಂದಿರುಗಿದ ಮೇಲೆ ಉಳಿದ ಹಡಗುಗಳು ಆಕಾಶದ ನೆರವಿಲ್ಲದೆ ಕುರುಡಾದವು. ಅಮೆರಿಕದಲ್ಲಿ ದುರಸ್ತಿಯಾದ ನೈಜೀರಿಯಾ ಮುಂದೆ ಹಿಂದೂ ಮಹಾಸಾಗರಕ್ಕೆ ಬಂದು, ಜಪಾನಿನ ವಿರುದ್ಧದ ಕಾರ್ಯಾಚರಣೆಗಳಲ್ಲಿ ತೊಡಗಿತು.

1954ರಲ್ಲಿ ಭಾರತ ಈ ಹಡಗನ್ನು ಕೊಂಡು, ಬರ್ಕನ್‌ಹೆಡ್‌ನಲ್ಲಿ ನವೀಕರಿಸಿ, 1957ರ ಆಗಸ್ಟ್ 29ರಂದು ಐ.ಎನ್.ಎಸ್. ಮೈಸೂರು ಎಂದು ಸೇವೆಗೆ ಸೇರಿಸಿಕೊಂಡಿತು. ಆ ಹೊತ್ತಿಗೆ ಮುಖ್ಯ ಫಿರಂಗಿಗಳು ಒಂಬತ್ತಕ್ಕೆ ಇಳಿದಿದ್ದವು. ಹಿಂದಿನ ವರ್ಷವಷ್ಟೇ ರಾಜ್ಯ ಪುನರ್ವಿಂಗಡಣೆಯಿಂದ ಮೈಸೂರಿಗೆ ಕಡಲತೀರ ದಕ್ಕಿತ್ತು. 1961ರ ಡಿಸೆಂಬರಿನಲ್ಲಿ, ಗೋವಾ ವಿಮೋಚನೆಯ ಸಂದರ್ಭದಲ್ಲಿ, ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸುವ ಕೆಲಸ ಇದಕ್ಕೂ ತ್ರಿಶೂಲ್ ನೌಕೆಗೂ ಬಿತ್ತು. ದ್ವೀಪಕ್ಕಿಳಿದ ನಮ್ಮ ನಾವಿಕರಲ್ಲಿ ಏಳು ಮಂದಿ ಪ್ರಾಣ ತೆತ್ತರು.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾಪಡೆಯ ಧ್ವಜನೌಕೆ. ಪಡೆಯ ಸೇನಾನಿ ರಿಯರ್ ಅಡ್ಮಿರಲ್ ಕುರುವಿಳ್ಳಾ ಅದರಲ್ಲಿದ್ದರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದವು ನಿಪಾತ್, ನಿರ್ಘಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು. ಫಿರಂಗಿಯ ಕ್ರೂಸರಿನ ಕಾಲ ಮುಗಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗೆಂದು ಆ ಖರೀದಿಯನ್ನು ದಂಡವೆನ್ನಲಾಗದು. ಸೇನಾನಿಗೂ ಅವನ ಸಿಬ್ಬಂದಿಗೂ ನೆಲೆಯಾಗಬಲ್ಲ, ನೂರಾರು ನಾವಿಕರು ಒಟ್ಟಿಗೆ ದುಡಿದು ಪಳಗಬಲ್ಲ ದೊಡ್ಡ ಹಡಗು ಆಗಿನ್ನೂ ಎಳೆಯದಾಗಿದ್ದ ನಮ್ಮ ನೌಕಾಪಡೆಗೆ ಬೇಕಿತ್ತು. ಕೊನೆಯ ವರ್ಷಗಳಲ್ಲಿ ಮೈಸೂರು ಕೆಡೆಟ್‌ಗಳ ತರಬೇತಿಗೇ ಮೀಸಲಾಯಿತು.

1985ರ ಆಗಸ್ಟ್ 20ರಂದು ಅದು ಸೇವೆಯಿಂದ ನಿವೃತ್ತವಾಯಿತು. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಕ್ಷಿಪಣಿ ವಿಧ್ವಂಸಕ ನೌಕೆಯೊಂದು 1999ರ ಜೂನ್‌ನಿಂದ ಅದೇ ಹೆಸರನ್ನು ಹೊತ್ತಿದೆ. ನಮಸ್ಕಾರ.