ಮಜ್ಜಿಗೆಯ ಜಾಗಕ್ಕೆ ಬಂದ ಕಪ್ಪು ಬಾಟ್ಲಿ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ಜಗಲಿಯಲ್ಲಿ ಮೊರದಂಥ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ರೇಡಿಯೋ ಕೇಳುವ ಅಕ್ಕಂದಿರು ತುಂಬಾ ಮಂದಿ. ಕೈ ನಿಲ್ಲಿಸಬೇಡಿ, ಕಿವಿ ಮಾತ್ರ ಇತ್ತ ಕೊಡಿ.

ಹೋದ ಮಳೆಗಾಲದಲ್ಲಿ ಒಬ್ಬರು ಅಕ್ಕ ಬಂದರು. ವಯಸ್ಸು 58. ಅಂಗಳದ ಪಾಚಿಯಲ್ಲಿ ಜಾರಿ ಕೈ ಊರಿದ್ದಾರೆ, ಅಷ್ಟೆ. ಮಣಿಕಟ್ಟಿನ ಎಲುಬು ಮುರಿದು ಕೈ ಸೌಟಿನ ಹಾಗೆ ಬಾಗಿತ್ತು. "ಡಾಕ್ಟ್ರೇ, ಇನ್ನು ಬೀಡಿ ಕಟ್ಲಿಕ್ಕೆ ಆಗ್ತದಾ?" ಅದೇ ಮೊದಲ ಪ್ರಶ್ನೆ. ಪ್ಲಾಸ್ಟರ್ ಹಾಕುತ್ತಾ ಕೇಳಿದೆ, ಊಟಕ್ಕೆ ಎಂತ ಕುಡೀತೀರಿ ಅಕ್ಕಾ? "ಮೊದಲು ಮಜ್ಜಿಗೆ. ದನ ಮಾರಿದ ಮೇಲೆ ಅದಿಲ್ಲ. ಈಗ ಫ್ರಿಜ್ಜಲ್ಲಿ ಮಗ ತಂದಿಟ್ಟ ಕೋಲಾ. ದಿನಾ ಒಂದು ಗ್ಲಾಸು, ಗ್ಯಾಸಿಗೆ ಒಳ್ಳೇದಂತೆ." ಗ್ಯಾಸಿಗೆ! ಗ್ಯಾಸೇ ತುಂಬಿಸಿದ ಬಾಟ್ಲಿ ಮಾರಾಯ್ರೇ. ಮಾತ್ರೆ ನುಂಗಲು ಚೀಲದಿಂದ ತೆಗೆದದ್ದೂ ಅದೇ ಬಾಟ್ಲಿ, ಒಳಗೆ ಜೀರಿಗೆ ನೀರು.

ಕೋಲಾದಿಂದಲೇ ಎಲುಬು ಮುರಿಯಿತು ಎನ್ನುತ್ತಿಲ್ಲ. ಮಜ್ಜಿಗೆ ಹೋಯಿತಲ್ಲ, ಅದನ್ನು ಹೇಳುತ್ತಿದ್ದೇನೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಎರಡೂವರೆ ಸಾವಿರ ಮಂದಿಯ ಎಲುಬು ಅಳೆದು 2006ರಲ್ಲಿ ಲೆಕ್ಕ ಕೊಟ್ಟರು. ದಿನವೂ ಕೋಲಾ ಕುಡಿಯುವ ಹೆಂಗಸರ ಸೊಂಟದ ಎಲುಬು ತೆಳುವಾಗಿತ್ತು. ಗಂಡಸರಲ್ಲಿ ಹಾಗೆ ಕಾಣಲಿಲ್ಲ, ಬೇರೆ ಸೋಡಾ ಕುಡಿದವರಲ್ಲೂ ಇಲ್ಲ. ಹಾಗಾಗಿ ಗೋಳಿ ಸೋಡಾದ ಮೇಲೆ ನನಗೆ ಸಿಟ್ಟಿಲ್ಲ. ಕೋಲಾದಲ್ಲಿರುವ ಫಾಸ್ಫಾರಿಕ್ ಆಮ್ಲ, ಕೆಫೀನ್ ಮೇಲೆ ಸಂಶಯ. ನನಗಂತೂ ದೊಡ್ಡ ತಕರಾರು ಮಜ್ಜಿಗೆಯ ಜಾಗ ಹೋದದ್ದು.

ಎಲುಬು ಗಟ್ಟಿ ಇರಲು ಮುಟ್ಟು ನಿಂತ ಮೇಲೆ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 200 ಮಿಲಿ ಹಾಲಲ್ಲಿ ಸುಮಾರು 240 ಸಿಗುತ್ತದೆ. ಕೋಲಾದಲ್ಲಿ ಲೆಕ್ಕಕ್ಕೇ ಇಲ್ಲ. 100 ಗ್ರಾಂ ರಾಗಿಯಲ್ಲಿ 300ಕ್ಕಿಂತ ಹೆಚ್ಚು. ಮೀನು ತಿನ್ನುವವರು ಕೊಲ್ಲತರು ಎಂಬ ಸಣ್ಣ ಮೀನನ್ನು ಗರಿಗರಿ ಕಾಯಿಸಿ ಮುಳ್ಳು ಸಮೇತ ಜಗಿಯಿರಿ. ಮುಳ್ಳು ಬಿಡಿಸಿ ಬೆಕ್ಕಿಗೆ ಹಾಕಿದರೆ ಎಲುಬು ಗಟ್ಟಿಯಾಗುವುದು ಬೆಕ್ಕಿನದ್ದು. ದನ ಇಲ್ಲದಿದ್ದರೆ ಪ್ಯಾಕೆಟ್ ಮೊಸರನ್ನೇ ಕಡೆಯಿರಿ, ಮಜ್ಜಿಗೆ ಮಜ್ಜಿಗೆಯೇ.

ಬಿಸಿಲು, ನಡಿಗೆ, ಮಾತ್ರೆ, ಎಲ್ಲ ಹೇಳಬೇಕೆಂದಿದ್ದೆ. ಆ ಅಕ್ಕನ ಕಥೆಯೇ ಸಮಯ ತಿಂದಿತು. ಅವರ ಕೈ ಸರಿಯಾಗಿದೆ, ಬೀಡಿಯೂ ಕಟ್ಟುತ್ತಾರೆ. ಕೋಲಾ ಬಿಟ್ಟಿದ್ದೇನೆ ಎನ್ನುತ್ತಾರೆ. ಫ್ರಿಜ್ಜಿನ ಬಾಗಿಲು ನಾನು ತೆಗೆದು ನೋಡಿಲ್ಲ. ನಮಸ್ಕಾರ.